ಕಾರಿನ ದೊಡ್ಡ ಬಾಡಿ ಬಿಡಿಭಾಗಗಳನ್ನು ಮಿತವ್ಯಯದಲ್ಲಿ, ಹಾನಿಯಿಲ್ಲದೆ ತರಿಸಿಕೊಳ್ಳುವ ಬಗ್ಗೆ: ಪಾರಿಶ್ವಾಡ ಹಾಗೂ ಖಾನಾಪುರ ತಾಲ್ಲೂಕಿನ ಸಾರ್ವಜನಿಕರಿಗೆ ಮಾಹಿತಿ

ಬೆಳಗಾವಿ ಜಿಲ್ಲೆ, ಖಾನಾಪುರ ತಾಲ್ಲೂಕಿನ ಪಾರಿಶ್ವಾಡ ಮತ್ತು ಸುತ್ತಮುತ್ತಲಿನ ಗ್ರಾಮಗಳ ವಾಹನ ಮಾಲೀಕರು ಹಾಗೂ ಗ್ಯಾರೇಜು ನಡೆಸುವವರು ಕಾರಿನ ಬಾನೆಟ್, ಬಂಪರ್, ಬಾಗಿಲು, ಫೆಂಡರ್, ಡಿಕ್ಕಿಯ ಮುಚ್ಚಳ ಮುಂತಾದ ದೊಡ್ಡ ಬಿಡಿಭಾಗಗಳನ್ನು ಬೆಂಗಳೂರು, ಹುಬ್ಬಳ್ಳಿ, ಪುಣೆ, ಮುಂಬಯಿ ಮೊದಲಾದ ಕಡೆಗಳಿಂದ ತರಿಸಿಕೊಳ್ಳುವುದು ವಾಡಿಕೆ. ಇಂತಹ ಸರಕಿನ ತೂಕ ಕಡಿಮೆ, ಗಾತ್ರ ಹೆಚ್ಚು. ತಗಡು ತೆಳು, ಬಣ್ಣ ನಾಜೂಕು. ಆದ್ದರಿಂದ ಸಾಗಣೆ ವೆಚ್ಚವು ನಿರೀಕ್ಷೆಗಿಂತ ಅಧಿಕವಾಗುವುದೂ, ಸರಕು ತಗ್ಗು ಬಿದ್ದು ಅಥವಾ ಸೀಳಿ ಬರುವುದೂ ಸಾಮಾನ್ಯ. ಹಾನಿಯಾದ ನಂತರ ಪರಿಹಾರ ಕೇಳಲು ಹೋದವರಿಗೆ, ಬುಕಿಂಗ್ ಸಮಯದಲ್ಲಿ ಮೌಲ್ಯವನ್ನು ಘೋಷಿಸಿರಲಿಲ್ಲ, ಸರಕು ಬಿಡಿಸಿಕೊಳ್ಳುವಾಗ ರಸೀದಿಯ ಮೇಲೆ ಷರಾ ಬರೆದಿರಲಿಲ್ಲ ಎಂಬ ಉತ್ತರ ದೊರೆಯುತ್ತದೆ. ಕಾನೂನಿನ ಪ್ರಕಾರ ಆ ಉತ್ತರ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಈ ಎರಡು ಹಂತಗಳ ಬಗ್ಗೆ ಸಾರ್ವಜನಿಕರು ಮುಂಚಿತವಾಗಿ ತಿಳಿದಿರಬೇಕೆಂಬ ಉದ್ದೇಶದಿಂದ ಈ ಮಾಹಿತಿಯನ್ನು ನೀಡಲಾಗಿದೆ.

ತರಿಸುವ ಮುನ್ನ

ಈಗಲೂ ತಯಾರಾಗುತ್ತಿರುವ ಕಾರುಗಳ ಬಾಡಿ ಭಾಗಗಳನ್ನು ದೂರದಿಂದ ಸ್ವತಃ ತರಿಸುವುದು ಬಹಳಷ್ಟು ಸಂದರ್ಭಗಳಲ್ಲಿ ಲಾಭದಾಯಕವಲ್ಲ. ಬೆಳಗಾವಿ ಅಥವಾ ಹುಬ್ಬಳ್ಳಿಯ ಅಧಿಕೃತ ಮಾರಾಟಗಾರರ ಮೂಲಕ ಆದೇಶ ನೀಡಿದಲ್ಲಿ, ಅಂಗಡಿಗೆ ಬರುವವರೆಗಿನ ಹಾನಿಯು ಮಾರಾಟಗಾರರ ಪಾಲಿನದು. ಗ್ರಾಹಕರು ಸರಕನ್ನು ನೋಡಿ ಹಣ ನೀಡಬಹುದು. ಬೆಂಗಳೂರಿನಲ್ಲಿ ಬೆಲೆ ಸ್ವಲ್ಪ ಕಡಿಮೆ ಇದ್ದರೂ ಕಟ್ಟುವ ಖರ್ಚು, ಬಾಡಿಗೆ, ಹಮಾಲಿ ಮತ್ತು ಬೆಳಗಾವಿಯಿಂದ ಊರಿನವರೆಗಿನ ವಾಹನದ ಖರ್ಚನ್ನು ಕೂಡಿಸಿ ನೋಡತಕ್ಕದ್ದು.

ತಯಾರಿಕೆ ನಿಂತಿರುವ ಕಾರುಗಳ ಸಂಗತಿ ಬೇರೆ. ಮಾರುತಿ 800 ಹಾಗೂ ಅಂಬಾಸಿಡರ್ ಕಾರುಗಳ ತಯಾರಿಕೆ 2014ರಲ್ಲಿ ನಿಂತಿತು. ಇವುಗಳ ಬಾನೆಟ್ ಅಥವಾ ಬಾಗಿಲಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರ ಅಥವಾ ಮುಂಬಯಿಯ ಕುರ್ಲಾದಂತಹ ಬಿಡಿಭಾಗಗಳ ಪೇಟೆಗಳನ್ನು ಅವಲಂಬಿಸುವುದು ಅನಿವಾರ್ಯವಾಗಬಹುದು. ಹಳೆಯ ಭಾಗವನ್ನು ಕೊಳ್ಳುವವರು ಯಾವ ವಾಹನದಿಂದ ಬಿಚ್ಚಿದ್ದೆಂಬುದನ್ನು ನಮೂದಿಸಿದ ಬಿಲ್ಲನ್ನು ತಪ್ಪದೆ ಪಡೆಯತಕ್ಕದ್ದು. ಕಳವಿನ ಸ್ವತ್ತೆಂದು ತಿಳಿದು ಅಥವಾ ಹಾಗೆ ನಂಬಲು ಕಾರಣವಿದ್ದೂ ಪಡೆಯುವುದು ಭಾರತೀಯ ನ್ಯಾಯ ಸಂಹಿತೆ, 2023ರ 317ನೇ ಪ್ರಕರಣದಡಿ ಅಪರಾಧವಾಗಿರುತ್ತದೆ. ಬಿಲ್ಲಿಲ್ಲದ ಸರಕನ್ನು ಸಾಗಣೆ ಕಛೇರಿಗಳೂ ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ.

ಇನ್ನೊಂದು ವಿಷಯವನ್ನು ವಿಶೇಷವಾಗಿ ಗಮನಿಸಲು ಕೋರಲಾಗಿದೆ. ಸಾಧ್ಯವಾದಷ್ಟೂ ಬಣ್ಣ ಬಳಿಯದ, ಕೇವಲ ಪ್ರೈಮರ್ ಲೇಪನವಿರುವ ಭಾಗವನ್ನೇ ತರಿಸಿ, ಖಾನಾಪುರ ಅಥವಾ ಬೆಳಗಾವಿಯಲ್ಲಿ ಬಣ್ಣ ಹಾಕಿಸಿಕೊಳ್ಳುವುದು ಸೂಕ್ತ. ಪ್ರೈಮರಿನ ಮೇಲೆ ಬಿದ್ದ ಗೀರು ಉಜ್ಜಿದರೆ ಹೋಗುತ್ತದೆ. ಬಣ್ಣದ ಮೇಲೆ ಬಿದ್ದ ಗೀರಿಗೆ ಇಡೀ ಭಾಗಕ್ಕೆ ಮತ್ತೆ ಬಣ್ಣ ಹಾಕಬೇಕಾಗುತ್ತದೆ. ಕಾರಿನ ಉಳಿದ ಭಾಗದ ಮಾಸಿದ ಬಣ್ಣಕ್ಕೆ ಹೊಂದಿಸುವ ಕೆಲಸವನ್ನು ಕಾರು ಎದುರಿಗಿದ್ದಾಗಲೇ ಮಾಡಲು ಸಾಧ್ಯ.

ಬಾಡಿಗೆಯ ಲೆಕ್ಕ

ದೊಡ್ಡ ಮತ್ತು ಹಗುರ ಸರಕಿಗೆ ತಕ್ಕಡಿಯ ತೂಕದಂತೆ ಬಾಡಿಗೆ ವಿಧಿಸುವುದಿಲ್ಲ. ವಾಹನದಲ್ಲಿ ಅದು ಆಕ್ರಮಿಸುವ ಜಾಗವನ್ನು ತೂಕಕ್ಕೆ ಪರಿವರ್ತಿಸಿ, ನಿಜವಾದ ತೂಕ ಮತ್ತು ಗಾತ್ರದ ತೂಕ ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ ಪಡೆಯಲಾಗುತ್ತದೆ. ಕೊರಿಯರ್ ಸಂಸ್ಥೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಲೆಕ್ಕವೆಂದರೆ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು. ಲಾರಿ ಕಛೇರಿಗಳು ಘನ ಅಡಿಯ ಲೆಕ್ಕವನ್ನು ಅನುಸರಿಸುವುದುಂಟು. ಭಾಜಕವು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಿರುವುದರಿಂದ ದರವನ್ನು ಕೇಳುವಾಗಲೇ ಇದನ್ನೂ ಕೇಳತಕ್ಕದ್ದು.

ಉದಾಹರಣೆಗೆ, ಕಟ್ಟಿದ ನಂತರ 170 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರವಾಗುವ ಬಂಪರಿನ ಪೆಟ್ಟಿಗೆಯನ್ನು ತೆಗೆದುಕೊಳ್ಳೋಣ. ಒಳಗಿನ ಬಂಪರ್ ಐದಾರು ಕಿಲೋ ಮಾತ್ರ ಇರಬಹುದು. ಆದರೆ ಮೇಲಿನ ಲೆಕ್ಕದಂತೆ ಬಾಡಿಗೆ 76.5 ಕಿಲೋಗೆ ಬೀಳುತ್ತದೆ. ಅದೇ ಪೆಟ್ಟಿಗೆಯನ್ನು ಬಿಗಿಯಾಗಿ ಅಳೆದು 170, 40, 40 ಸೆಂ.ಮೀ.ಗೆ ಇಳಿಸಿದಲ್ಲಿ 54.4 ಕಿಲೋ ಆಗುತ್ತದೆ. ಅಂಗಡಿಯಲ್ಲಿ ಸಿಕ್ಕ ಯಾವುದೋ ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ಕಳುಹಿಸಿದರೆ ಖಾಲಿ ಜಾಗಕ್ಕೇ ಬಾಡಿಗೆ ಕೊಟ್ಟಂತಾಗುತ್ತದೆ. ಬಾನೆಟ್ ಅಗಲವಾಗಿದ್ದರೂ ಚಪ್ಪಟೆಯಾದ್ದರಿಂದ ಲೆಕ್ಕ ಹಗುರ: 140, 110, 15 ಸೆಂ.ಮೀ. ಕಟ್ಟಿಗೆ 46.2 ಕಿಲೋ.

ಖರ್ಚು ಕಡಿಮೆ ಮಾಡಲು ಎರಡು ಉಪಾಯಗಳಿವೆ. ಒಂದು, ಬಂಪರಿನ ಒಳಪೊಳ್ಳಿನಲ್ಲಿ ಅದರದೇ ಗ್ರಿಲ್ ಹಾಗೂ ಸಣ್ಣ ಭಾಗಗಳನ್ನು ಫೋಮಿನಲ್ಲಿ ಸುತ್ತಿ ಅಲುಗಾಡದಂತೆ ಕೂರಿಸುವುದು, ಎಡ ಬಲ ಫೆಂಡರ್‌ಗಳ ನಡುವೆ ಮೆತ್ತೆಯಿಟ್ಟು ಒಂದೇ ಕಟ್ಟು ಮಾಡುವುದು. ಹೆಡ್‌ಲೈಟಿನಂತಹ ಗಾಜಿನ ಅಥವಾ ಭಾರದ ವಸ್ತುವನ್ನು ಮಾತ್ರ ಒಟ್ಟಿಗೆ ಹಾಕಬಾರದು. ಮತ್ತೊಂದು, ಖಾನಾಪುರ, ನಂದಗಡ, ಬೀಡಿ, ಇಟಗಿ, ಪಾರಿಶ್ವಾಡದ ಗ್ಯಾರೇಜುಗಳವರು ತಮ್ಮ ಆದೇಶಗಳನ್ನು ಒಗ್ಗೂಡಿಸಿ ಒಂದೇ ಲಾರಿಯಲ್ಲಿ ತರಿಸುವುದು. ಕನಿಷ್ಠ ಬಾಡಿಗೆ, ದಾಖಲೆ ಶುಲ್ಕ ಮುಂತಾದವು ಪ್ರತಿ ರಸೀದಿಗೂ ಬೀಳುವುದರಿಂದ ಒಂದೇ ರಸೀದಿಯಾದರೆ ಉಳಿತಾಯವಿದೆ.

ಕಟ್ಟುವ ಕ್ರಮ

ಬಾನೆಟ್ಟನ್ನು ಮಲಗಿಸಿ ಕಳುಹಿಸಬಾರದು. ಮಲಗಿಸಿದ ಬಾನೆಟ್ ಹಮಾಲರ ಕಣ್ಣಿಗೆ ಇತರ ಸರಕನ್ನು ಪೇರಿಸುವ ಹಲಗೆಯಾಗಿ ಕಾಣುತ್ತದೆ; ಅದಕ್ಕಾಗಿ ಅವರನ್ನು ದೂಷಿಸಿ ಪ್ರಯೋಜನವಿಲ್ಲ. ಗಾಜಿನ ಹಲಗೆಯಂತೆ ಅಂಚಿನ ಮೇಲೆ ನಿಲ್ಲಿಸಿ, ರೀಪಿನ ಚೌಕಟ್ಟಿನಲ್ಲಿ ಬಂಧಿಸಿ, ಎರಡೂ ಮೈಗೆ ರಟ್ಟು ಹೊದಿಸತಕ್ಕದ್ದು. ಚೌಕಟ್ಟು ಬಾನೆಟ್ಟಿಗಿಂತ ಎಲ್ಲ ಬದಿಯಲ್ಲೂ ಎರಡು ಬೆರಳಿನಷ್ಟು ಹೊರಗಿರಬೇಕು. ಸಾಗಣೆಯಲ್ಲಿ ಮೊದಲು ಪೆಟ್ಟು ಬೀಳುವುದು ಮೂಲೆಗಳಿಗೆ. ಆದ್ದರಿಂದ ನಾಲ್ಕೂ ಮೂಲೆಗಳಿಗೆ ದಪ್ಪ ಥರ್ಮಾಕೋಲ್ ಅಥವಾ ಮಡಿಸಿದ ರಟ್ಟನ್ನು ಇಡತಕ್ಕದ್ದು. ಮೊಳೆಗಳ ತುದಿ ಒಳಮುಖವಾಗದಂತೆ ನೋಡಿಕೊಳ್ಳಬೇಕು.

ಬಾಗಿಲನ್ನೂ ಹೀಗೆಯೇ ನಿಲ್ಲಿಸಿ ಕಟ್ಟಬೇಕು. ಗಾಜನ್ನು ಪೂರ್ತಿ ಕೆಳಗಿಳಿಸಿ ಭದ್ರಪಡಿಸುವುದು ಅಥವಾ ಬಿಚ್ಚಿ ಬೇರೆ ಕಳುಹಿಸುವುದು ಮೇಲು. ಕನ್ನಡಿ ಹಾಗೂ ಹಿಡಿಕೆಯನ್ನು ಬಿಚ್ಚಿಡತಕ್ಕದ್ದು. ಏರ್‌ಬ್ಯಾಗ್ ಅಳವಡಿಸಿದ ಯಾವುದೇ ಭಾಗದಲ್ಲಿ ಸಿಡಿಯುವ ಘಟಕವಿರುವುದರಿಂದ ಅದನ್ನು ಸಾಮಾನ್ಯ ಬಾಡಿ ಭಾಗವೆಂದು ಬುಕ್ ಮಾಡುವಂತಿಲ್ಲ.

ಪ್ಲಾಸ್ಟಿಕ್ ಬಂಪರಿನ ವಿಷಯದಲ್ಲಿ ತಪ್ಪು ಬೇರೆ ಬಗೆಯದು. ಅದು ಬಾಗುತ್ತದೆ, ಆದ್ದರಿಂದ ಮುರಿಯುವುದಿಲ್ಲ ಎಂದು ತಿಳಿದು ಸುತಳಿಯಿಂದ ಎರಡೂ ತುದಿಗಳನ್ನು ಎಳೆದು ಕಟ್ಟುತ್ತಾರೆ. ಬೇಸಿಗೆಯಲ್ಲಿ ಮುಚ್ಚಿದ ಲಾರಿಯ ಒಳಗಿನ ಬಿಸಿಗೆ ಬಂಪರ್ ಅದೇ ಆಕಾರದಲ್ಲಿ ಕುಳಿತುಬಿಟ್ಟು, ಕಾರಿಗೆ ಜೋಡಿಸುವಾಗ ರಂಧ್ರಗಳು ಕೂಡುವುದಿಲ್ಲ. ಬಂಪರಿನ ಎರಡು ತುದಿಗಳ ನಡುವೆ ಅದರ ಸಹಜ ಅಗಲಕ್ಕೆ ಸರಿಯಾದ ಒಂದು ರೀಪನ್ನು ಆಧಾರವಾಗಿಟ್ಟು, ಕ್ಲಿಪ್ ಕೂರುವ ಕಿವಿಗಳಿಗೆ ಪ್ರತ್ಯೇಕ ಮೆತ್ತೆ ಸುತ್ತಿ ಪೆಟ್ಟಿಗೆಯಲ್ಲಿಡುವುದು ಸರಿಯಾದ ಕ್ರಮ. ಇವು ಮುರಿದಲ್ಲಿ ಬಂಪರ್ ಹೊರಗಿನಿಂದ ಸರಿಯಾಗಿ ಕಂಡರೂ ನಿಲ್ಲುವುದಿಲ್ಲ; ಸರಕು ಬಿಡಿಸಿಕೊಳ್ಳುವಾಗಲೂ ಮೊದಲು ನೋಡಬೇಕಾದ್ದು ಇವುಗಳನ್ನೇ.

ಬಣ್ಣ ಬಳಿದ ಭಾಗವನ್ನು ಕಳುಹಿಸಲೇಬೇಕಾದಲ್ಲಿ ಬಣ್ಣ ಪೂರ್ತಿ ಒಣಗಲು ಕೆಲವು ದಿನ ಬಿಟ್ಟು, ಮೊದಲು ತೆಳು ಫೋಮ್ ಹಾಳೆ ಅಥವಾ ಮೆತ್ತನೆಯ ಹತ್ತಿ ಬಟ್ಟೆ ಹೊದಿಸಿ, ನಂತರ ಬಬಲ್ ಹಾಳೆ ಸುತ್ತತಕ್ಕದ್ದು. ಹೊಸ ಬಣ್ಣಕ್ಕೆ ನೇರವಾಗಿ ತಾಗಿದ ಬಬಲ್ ಹಾಳೆಯು ಗುಳ್ಳೆಗಳ ಗುರುತನ್ನು ಉಳಿಸುತ್ತದೆ. ಅಂಟುಪಟ್ಟಿಯನ್ನು ಬಣ್ಣದ ಮೇಲೆ ಎಲ್ಲಿಯೂ ಹಚ್ಚಬಾರದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾನಾಪುರ ತಾಲ್ಲೂಕಿನಲ್ಲಿ, ವಿಶೇಷವಾಗಿ ಘಟ್ಟದ ಅಂಚಿನ ಪಶ್ಚಿಮ ಭಾಗದಲ್ಲಿ, ಮಳೆ ಹೆಚ್ಚು. ಗೋವಾ ಕಡೆಯಿಂದ ಚೋರ್ಲಾ ಘಟ್ಟ ಅಥವಾ ಲೋಂಡಾ ಮಾರ್ಗವಾಗಿ ಬರುವ ಸರಕಿನ ರಟ್ಟು ನೆನೆದು ಮೆತ್ತಗಾದರೆ ಅದು ಇದ್ದೂ ಇಲ್ಲದಂತೆ. ಈ ತಿಂಗಳುಗಳಲ್ಲಿ ರಟ್ಟಿನ ಹೊರಗೆ ದಪ್ಪ ಪ್ಲಾಸ್ಟಿಕ್ ಹೊದಿಕೆ ಕಡ್ಡಾಯವೆಂದು ತಿಳಿಯತಕ್ಕದ್ದು. ಬಣ್ಣ ಕಿತ್ತು ತಗಡು ಕಾಣುವ ಹಳೆಯ ಭಾಗಗಳಿಗೆ ತೆಳುವಾಗಿ ಎಣ್ಣೆ ಸವರಿದಲ್ಲಿ ತುಕ್ಕು ಹಿಡಿಯುವುದಿಲ್ಲ.

ಕಟ್ಟುವ ಮುನ್ನ ಭಾಗದ ಎರಡೂ ಮೈಯ ಛಾಯಾಚಿತ್ರ, ಕಟ್ಟಿದ ನಂತರ ಪೆಟ್ಟಿಗೆಯ ಛಾಯಾಚಿತ್ರ ತೆಗೆದು ಮೊಬೈಲಿಗೆ ಕಳುಹಿಸುವಂತೆ ಮಾರಾಟಗಾರರಿಗೆ ತಿಳಿಸತಕ್ಕದ್ದು.

ಸಾಗಣೆಯ ಮಾರ್ಗಗಳು

ಲಾರಿ: ರಾಷ್ಟ್ರೀಯ ಹೆದ್ದಾರಿ 48ರ ಮೇಲಿರುವ ಬೆಳಗಾವಿಗೆ ಬೆಂಗಳೂರು, ಹುಬ್ಬಳ್ಳಿ, ಕೊಲ್ಲಾಪುರ, ಪುಣೆ ಕಡೆಗಳಿಂದ ಪಾರ್ಟ್ ಲೋಡ್ ಲಾರಿಗಳ ಸೌಲಭ್ಯ ಚೆನ್ನಾಗಿದೆ. ದೊಡ್ಡ ಬಾಡಿ ಭಾಗಗಳಿಗೆ ಸಾಮಾನ್ಯವಾಗಿ ಇದೇ ಅನುಕೂಲಕರ ಮಾರ್ಗ. ರಸ್ತೆ ಮೂಲಕ ಸಾಗಣೆ ಕಾಯ್ದೆ, 2007ರಂತೆ ಸಾರ್ವಜನಿಕರಿಂದ ಸರಕು ಸ್ವೀಕರಿಸಿ ಸಾಗಿಸುವ ಸಂಸ್ಥೆಗಳು ಸಾಮಾನ್ಯ ಸಾಗಣೆದಾರರಾಗಿ ನೋಂದಣಿ ಹೊಂದಿರತಕ್ಕದ್ದು. ಬುಕಿಂಗ್ ಏಜೆಂಟರು ಮತ್ತು ಕೊರಿಯರ್ ಸಂಸ್ಥೆಗಳೂ ಇದರ ವ್ಯಾಪ್ತಿಗೆ ಬರುತ್ತವೆ. ನೋಂದಣಿ ಸಂಖ್ಯೆಯನ್ನು ಕೇಳಲು ಸಾರ್ವಜನಿಕರು ಹಿಂಜರಿಯಬೇಕಾಗಿಲ್ಲ.

ರೈಲು: ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಲೋಂಡಾ, ಖಾನಾಪುರ, ಬೆಳಗಾವಿ ಮೂಲಕ ಮಿರಜಿಗೆ ಹೋಗುವ ಮಾರ್ಗವು ನೈರುತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ ಸೇರಿದೆ. ಪಾರಿಶ್ವಾಡಕ್ಕೆ ಖಾನಾಪುರ ನಿಲ್ದಾಣವೇ ಹತ್ತಿರವಾದರೂ, ಚಿಕ್ಕ ನಿಲ್ದಾಣದಲ್ಲಿ ಗಾಡಿ ನಿಲ್ಲುವ ಅಲ್ಪ ಅವಧಿಯಲ್ಲಿ ಬ್ರೇಕ್ ವ್ಯಾನಿನಿಂದ ದೊಡ್ಡ ಕಟ್ಟನ್ನು ಅವಸರದಲ್ಲಿ ಇಳಿಸಬೇಕಾಗುತ್ತದೆ. ಬೆಳಗಾವಿಗೆ ಬುಕ್ ಮಾಡುವುದು ಒಳಿತು. ರೈಲ್ವೆಯ ಲಗೇಜು ನಿಯಮಗಳಲ್ಲಿ 1 ಮೀಟರ್, 1 ಮೀಟರ್, 0.7 ಮೀಟರ್ ಅಳತೆಯನ್ನು ಮೀರಿದ ಕಟ್ಟನ್ನು ಬೃಹತ್ ಗಾತ್ರದ್ದೆಂದು ಪರಿಗಣಿಸಲಾಗುತ್ತದೆ. ಬಾನೆಟ್, ಬಂಪರ್‌ಗಳು ಈ ಅಳತೆಯನ್ನು ಮೀರುವುದರಿಂದ ಪಾರ್ಸೆಲ್ ಕಛೇರಿಯಲ್ಲಿ ಅಳತೆ ತಿಳಿಸಿ ಒಪ್ಪಿಗೆ ಪಡೆದ ನಂತರವೇ ಕಟ್ಟಿಸತಕ್ಕದ್ದು.

ಬಸ್ಸು: ರಾಜ್ಯದ ರಸ್ತೆ ಸಾರಿಗೆ ನಿಗಮಗಳು 2021ರ ಫೆಬ್ರವರಿಯಲ್ಲಿ ‘ನಮ್ಮ ಕಾರ್ಗೋ’ ಸೇವೆಯನ್ನು ಆರಂಭಿಸಿದವು. ಫೆಂಡರ್, ಗ್ರಿಲ್, ದೀಪ, ಕನ್ನಡಿಯಂತಹ ಭಾಗಗಳಿಗೆ ಇದು ಬೇಗ ತಲುಪುವ ಮಾರ್ಗ. ಇಡೀ ಬಂಪರ್ ಅಥವಾ ಬಾನೆಟ್ ಬಸ್ಸಿನ ಸರಕು ಅಂಕಣದಲ್ಲಿ ಹಿಡಿಯುವುದೇ ಎಂಬುದನ್ನು ಕೌಂಟರಿನಲ್ಲಿ ಮೊದಲೇ ವಿಚಾರಿಸತಕ್ಕದ್ದು.

ಮೌಲ್ಯ ಘೋಷಣೆ: ಅತಿ ಮುಖ್ಯ

ಸರಕಿನ ಬೆಲೆ ಎಷ್ಟೇ ಇರಲಿ, ಹಾನಿಯಾದಾಗ ಅಷ್ಟೂ ಹಣ ದೊರೆಯುತ್ತದೆ ಎಂಬ ತಿಳಿವಳಿಕೆ ತಪ್ಪು. ರಸ್ತೆ ಮೂಲಕ ಸಾಗಣೆ ಕಾಯ್ದೆಯ 10ನೇ ಪ್ರಕರಣ ಹಾಗೂ ಅದರಡಿ 2011ರಲ್ಲಿ ಜಾರಿಗೆ ಬಂದ ನಿಯಮಗಳಂತೆ, ಸಾಗಣೆದಾರರ ಹೊಣೆಯು ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತವಾಗಿರುತ್ತದೆ. ಅದೂ ಘೋಷಿತ ಮೌಲ್ಯವನ್ನು ಮೀರುವಂತಿಲ್ಲ. 16,000 ರೂಪಾಯಿ ಬೆಲೆಯ ಬಾನೆಟ್ಟನ್ನು 500 ರೂಪಾಯಿ ಬಾಡಿಗೆಗೆ ಕಳುಹಿಸಿದ್ದಲ್ಲಿ, ಅದು ಪೂರ್ತಿ ನಜ್ಜುಗುಜ್ಜಾದರೂ ದೊರೆಯಬಹುದಾದ ಗರಿಷ್ಠ ಮೊತ್ತ 5,000 ರೂಪಾಯಿ. ಕಡಿಮೆ ಬಾಡಿಗೆಗೆ ಚೌಕಾಸಿ ಮಾಡಿದಷ್ಟೂ ಪರಿಹಾರದ ಮಿತಿಯೂ ಇಳಿಯುತ್ತದೆ ಎಂಬುದನ್ನು ಗಮನಿಸತಕ್ಕದ್ದು.

ಈ ಮಿತಿಯಿಂದ ಹೊರಬರಲು ಕಾಯ್ದೆಯಲ್ಲಿಯೇ ದಾರಿ ಇದೆ. ಬುಕಿಂಗ್ ಸಮಯದಲ್ಲಿ ರವಾನೆದಾರರು ಸರಕು ರವಾನೆ ಪತ್ರದಲ್ಲಿ ನಿಜವಾದ ಮೌಲ್ಯವನ್ನು ನಮೂದಿಸಿ, ಸಾಗಣೆದಾರರು ನಿಗದಿಪಡಿಸಿದ ಹೆಚ್ಚಿನ ಅಪಾಯ ದರವನ್ನು ಪಾವತಿಸಲು ಲಿಖಿತವಾಗಿ ಒಪ್ಪಿದಲ್ಲಿ ಹತ್ತು ಪಟ್ಟಿನ ಮಿತಿ ಅನ್ವಯಿಸುವುದಿಲ್ಲ. ತೊಡಕಿರುವುದು ಇಲ್ಲಿ: ಪತ್ರಕ್ಕೆ ಸಹಿ ಹಾಕುವವರು ಬೆಂಗಳೂರಿನ ಅಥವಾ ಪುಣೆಯ ಅಂಗಡಿಯವರು, ನಷ್ಟ ಅನುಭವಿಸುವವರು ಪಾರಿಶ್ವಾಡದಲ್ಲಿರುವ ಖರೀದಿದಾರರು. ಅಂಗಡಿಯವರು ರೂಢಿಯಂತೆ ಮೌಲ್ಯದ ಕಲಂ ಖಾಲಿ ಬಿಡುತ್ತಾರೆ ಅಥವಾ ಅಲ್ಪ ಮೊತ್ತ ಬರೆಯುತ್ತಾರೆ. ಆದ್ದರಿಂದ ಹಣ ಕಳುಹಿಸುವ ಮುನ್ನವೇ, ಬಿಲ್ಲಿನ ಪೂರ್ತಿ ಮೊತ್ತವನ್ನು ಘೋಷಿಸಿ ಹೆಚ್ಚಿನ ಅಪಾಯ ದರದಲ್ಲಿ ಬುಕ್ ಮಾಡುವಂತೆ ಅಂಗಡಿಯವರಿಗೆ ಬರಹದಲ್ಲಿ, ಮೊಬೈಲ್ ಸಂದೇಶದ ಮೂಲಕವಾದರೂ ಸರಿ, ತಿಳಿಸಿ, ಬಿಲ್ಟಿಯ ಛಾಯಾಚಿತ್ರವನ್ನು ತರಿಸಿಕೊಂಡು ಪರಿಶೀಲಿಸತಕ್ಕದ್ದು. ಅಂಗಡಿಯಿಂದಲೇ ಸಾಗಣೆ ವಿಮೆ ದೊರೆಯುವುದಾದರೆ ಅದೂ ಆಗಬಹುದು.

ರೈಲ್ವೆಯಲ್ಲಿ ಮಿತಿ ಇನ್ನೂ ಕಡಿಮೆ. ಮೌಲ್ಯ ಘೋಷಿಸಿ ಅದಕ್ಕೆ ನಿಗದಿತ ಶೇಕಡಾವಾರು ಶುಲ್ಕ ಕಟ್ಟದಿದ್ದಲ್ಲಿ ಪಾರ್ಸೆಲ್ ಸರಕಿಗೆ ಹೊಣೆಯು ಕಿಲೋಗ್ರಾಂಗೆ 50 ರೂಪಾಯಿ ಮಾತ್ರ. 14 ಕಿಲೋ ತೂಕದ ಬಾನೆಟ್ಟಿಗೆ ಇದು 700 ರೂಪಾಯಿ. ಇದಲ್ಲದೆ ರೈಲ್ವೆ ಕಾಯ್ದೆ, 1989ರ 97ನೇ ಪ್ರಕರಣದಂತೆ ಮಾಲೀಕರ ಹೊಣೆಯ ದರದಲ್ಲಿ ಕಳುಹಿಸಿದ ಸರಕಿಗೆ ರೈಲ್ವೆಯ ನಿರ್ಲಕ್ಷ್ಯ ಅಥವಾ ದುರ್ನಡತೆ ಸಾಬೀತಾದರೆ ಮಾತ್ರ ಪರಿಹಾರ. ಕಟ್ಟು ಸಮರ್ಪಕವಾಗಿಲ್ಲವೆಂದು ರವಾನೆ ಪತ್ರದಲ್ಲಿ ದಾಖಲಾಗಿದ್ದಲ್ಲಿಯೂ 98ನೇ ಪ್ರಕರಣದಡಿ ಇದೇ ಸ್ಥಿತಿ. ದರ ಪತ್ರಕವನ್ನು ನೋಡಿ ಅಗ್ಗವೆಂದು ನಿರ್ಧರಿಸುವ ಮುನ್ನ ಇದನ್ನು ಅರಿತಿರಬೇಕು.

ವಿಳಾಸದ ಬಗ್ಗೆ

ಖಾನಾಪುರ ಎಂಬ ಹೆಸರಿನ ತಾಲ್ಲೂಕು ನೆರೆಯ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿಯೂ ಇದೆ. ಪುಣೆ, ಮುಂಬಯಿಯಲ್ಲಿ ಬುಕ್ ಮಾಡುವವರಿಗೆ ಖಾನಾಪುರವೆಂದರೆ ಅದೇ ಮೊದಲು ನೆನಪಾಗುವುದು ಸಹಜ. ಜಿಲ್ಲೆ ಬೆಳಗಾವಿ, ರಾಜ್ಯ ಕರ್ನಾಟಕ ಎಂದು ಸ್ಪಷ್ಟವಾಗಿ ಬರೆದು, ಪಿನ್ ಕೋಡ್ ಮತ್ತು ಮೊಬೈಲ್ ಸಂಖ್ಯೆಯನ್ನು ಕಟ್ಟಿನ ಎರಡು ಬದಿಗಳಲ್ಲಿ ಹಚ್ಚತಕ್ಕದ್ದು. ನಗರದ ಹೆಸರು 2014ರ ನವೆಂಬರ್ 1ರಿಂದ ಬೆಳಗಾವಿ ಎಂದು ಬದಲಾಗಿದ್ದರೂ ಕೆಲವು ಲಾರಿ ಕಛೇರಿಗಳ ಪಟ್ಟಿಯಲ್ಲಿ ಬೆಳಗಾಂ ಎಂಬ ಹಳೆಯ ಹೆಸರೇ ಉಳಿದಿರುವುದುಂಟು, ಅದರಿಂದ ತೊಂದರೆಯಿಲ್ಲ.

ತೆರಿಗೆ ದಾಖಲೆಗಳು

ತೆರಿಗೆ ಸೇರಿ 50,000 ರೂಪಾಯಿ ಮೀರಿದ ಸರಕಿನ ಸಾಗಣೆಗೆ ಜಿ.ಎಸ್.ಟಿ. ನಿಯಮಗಳಡಿ ಇ-ವೇ ಬಿಲ್ ಅಗತ್ಯ. ಒಂದು ಬಾನೆಟ್ಟಿಗೆ ಸಾಮಾನ್ಯವಾಗಿ ಈ ಪ್ರಶ್ನೆ ಬರುವುದಿಲ್ಲ. ಅಪಘಾತವಾದ ಕಾರಿಗೆ ಮುಂಭಾಗವನ್ನು ಪೂರ್ತಿ ತರಿಸುವಾಗ ಅಥವಾ ಹಲವು ಗ್ಯಾರೇಜುಗಳ ಸರಕು ಒಂದೇ ಬಿಲ್ಲಿನಲ್ಲಿರುವಾಗ ಬರುತ್ತದೆ. ನೋಂದಾಯಿತ ಮಾರಾಟಗಾರರೇ ಇದನ್ನು ಸೃಜಿಸಿಕೊಡುತ್ತಾರೆ. 2021ರ ಜನವರಿ 1ರಿಂದ ಪ್ರತಿ 200 ಕಿ.ಮೀ.ಗೆ ಒಂದು ದಿನದಂತೆ ಇದರ ಊರ್ಜಿತಾವಧಿಯನ್ನು ಲೆಕ್ಕಹಾಕಲಾಗುತ್ತದೆ. ರೈಲಿನಲ್ಲಿ ಬಂದ ಸರಕಿಗೆ ಇ-ವೇ ಬಿಲ್ ಅಗತ್ಯವಿದ್ದಲ್ಲಿ ಅದನ್ನು ಹಾಜರುಪಡಿಸದೆ ಸರಕು ನೀಡಲಾಗುವುದಿಲ್ಲ. ಬಿಡಿಭಾಗಗಳ ಮೇಲಿನ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ಏಕರೂಪವಾಗಿ ಶೇಕಡಾ 18 ಆಗಿದ್ದು, ಹಳೆಯ ಶೇಕಡಾ 28ರ ದರದಲ್ಲಿ ಯಾರಾದರೂ ದರಪಟ್ಟಿ ನೀಡಿದಲ್ಲಿ ಪ್ರಶ್ನಿಸಬಹುದು.

ಸರಕು ಬಿಡಿಸಿಕೊಳ್ಳುವಾಗ

ಸರಕನ್ನು ಬೆಳಗಾವಿಯ ಗೋದಾಮಿನಲ್ಲಿಯೇ, ಸಹಿ ಮಾಡುವ ಮುನ್ನ, ಬೆಳಕಿನಲ್ಲಿ ಪರೀಕ್ಷಿಸತಕ್ಕದ್ದು. ‘ಸರಕು ಸುಸ್ಥಿತಿಯಲ್ಲಿ ತಲುಪಿದೆ’ ಎಂಬ ಮುದ್ರಿತ ವಾಕ್ಯದ ಕೆಳಗೆ ಸಹಿ ಮಾಡಿ, ಮನೆಯಲ್ಲಿ ಬಿಚ್ಚಿ ನೋಡಿ, ಮರುದಿನ ದೂರು ಕೊಡಲು ಬಂದವರ ವಾದವನ್ನು ಪುಷ್ಟೀಕರಿಸುವುದು ಕಠಿಣ. ಹಾನಿ ಎಲ್ಲಿ ಆಯಿತು, ಲಾರಿಯಲ್ಲೋ ಅಥವಾ ಬೆಳಗಾವಿಯಿಂದ ಊರಿಗೆ ಒಯ್ದ ಟಂಟಂನಲ್ಲೋ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ.

ರಟ್ಟು ಹರಿದಿದ್ದರೆ, ಮೂಲೆ ಕುಸಿದಿದ್ದರೆ ಅಥವಾ ನೆನೆದಿದ್ದರೆ ತೆರೆದು ತೋರಿಸುವಂತೆ ಕೇಳತಕ್ಕದ್ದು. ರೈಲ್ವೆಯಲ್ಲಿ ಇದು ಹಕ್ಕು: ಹಾನಿಗೊಂಡ ಅಥವಾ ಕೈಯಾಡಿಸಿದ ಗುರುತಿರುವ ಸರಕನ್ನು ತೆರೆದು ನೀಡುವಂತೆ ಕೇಳಿದಲ್ಲಿ ರೈಲ್ವೆ ಕಾಯ್ದೆಯ 81ನೇ ಪ್ರಕರಣದಂತೆ ಹಾಗೆ ನೀಡತಕ್ಕದ್ದು. ಇದು ಓಪನ್ ಡೆಲಿವರಿ ಎಂದೇ ಪರಿಚಿತವಾಗಿದೆ. ಲಾರಿ ಕಛೇರಿಯಲ್ಲಿ ಕಂಡ ಹಾನಿಯನ್ನು ಬಿಲ್ಟಿಯ ಎರಡೂ ಪ್ರತಿಗಳ ಮೇಲೆ ಸ್ವಂತ ಕೈಬರಹದಲ್ಲಿ ನಿರ್ದಿಷ್ಟವಾಗಿ ಬರೆಯತಕ್ಕದ್ದು. ‘ಹಾನಿಯಾಗಿದೆ’ ಎಂದಷ್ಟೇ ಬರೆದರೆ ಸಾಲದು. ‘ಬಾನೆಟ್ಟಿನ ಎಡ ಮುಂಮೂಲೆ ಸುಮಾರು ಅರ್ಧ ಅಡಿ ಮಡಿಚಿದೆ, ಚೌಕಟ್ಟಿನ ಮೇಲಿನ ರೀಪು ಮುರಿದಿದೆ’ ಎಂಬಂತೆ ಇರಬೇಕು. ತೆರೆಯಲು ಒಪ್ಪದಿದ್ದಲ್ಲಿ ‘ತೆರೆದು ನೋಡಲು ಅವಕಾಶ ನೀಡಲಿಲ್ಲ’ ಎಂದೇ ಬರೆದು ಸಹಿ ಮಾಡಬಹುದು.

ಬೆಳಗಾವಿಯಿಂದ ಪಾರಿಶ್ವಾಡಕ್ಕೆ

ಸರಕು ನೂರಾರು ಕಿಲೋಮೀಟರ್ ಸುರಕ್ಷಿತವಾಗಿ ಬಂದು ಕೊನೆಯ ಹಳ್ಳಿ ರಸ್ತೆಯಲ್ಲಿ ಕೆಡುವುದು ವಿರಳವಲ್ಲ. ಈ ಹಂತದಲ್ಲಿ ಬಿಲ್ಟಿಯೂ ಇಲ್ಲ, ಹೊಣೆಗಾರರೂ ಇಲ್ಲ. ಕಟ್ಟನ್ನು ಗೋದಾಮಿನಲ್ಲಿ ಬಿಚ್ಚಿ ನೋಡಿದ ನಂತರ ಮತ್ತೆ ಮೊದಲಿನಂತೆಯೇ ಕಟ್ಟಿಸತಕ್ಕದ್ದು. ‘ಇನ್ನೇನು ಊರು ಹತ್ತಿರ’ ಎಂದು ಬಿಡಿಯಾಗಿ ಒಯ್ಯಬಾರದು. ಪಿಕಪ್ ವಾಹನದ ಬದಿಹಲಗೆಗೆ ಬಾನೆಟ್ಟನ್ನು ನಿಲ್ಲಿಸಿ, ಅಗಲವಾದ ಪಟ್ಟಿಯಿಂದ ಎರಡು ಕಡೆ ಕಟ್ಟಿ, ಕೆಳಗೆ ಗೋಣಿಚೀಲ ಅಥವಾ ಹಳೆಯ ಟೈರು ಹಾಕತಕ್ಕದ್ದು. ತೆಳು ಹಗ್ಗವು ಹಂಪುಗಳಲ್ಲಿ ಕುಲುಕಿ ಅಂಚನ್ನು ಕತ್ತರಿಸುತ್ತದೆ. ಕಬ್ಬಿನ ಹಂಗಾಮಿನಲ್ಲಿ ರಸ್ತೆಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರ್‌ಗಳಿರುವುದರಿಂದ ರಾತ್ರಿ ಸಾಗಿಸದಿರುವುದು ಲೇಸು.

ವಾಹನದಿಂದ ಬಂಪರ್ ಅಥವಾ ಚೌಕಟ್ಟು ಹೊರಚಾಚುವಂತೆ ಹೇರಬಾರದು. ವಾಹನದ ಬದಿಯಿಂದ ಹೊರಕ್ಕೆ, ಅಥವಾ ಮುಂದೆ, ಹಿಂದೆ, ಎತ್ತರದಲ್ಲಿ ಅನುಮತಿಸಿದ ಮಿತಿ ಮೀರಿ ಸರಕು ಚಾಚಿದಲ್ಲಿ ಮೋಟಾರು ವಾಹನಗಳ ಕಾಯ್ದೆ, 1988ಕ್ಕೆ 2019ರಲ್ಲಿ ಸೇರಿಸಲಾದ 194(1ಎ) ಪ್ರಕರಣದಡಿ 20,000 ರೂಪಾಯಿ ದಂಡ ಹಾಗೂ ಸರಕು ಇಳಿಸುವ ವೆಚ್ಚ ಭರಿಸಬೇಕಾಗುತ್ತದೆ. ದ್ವಿಚಕ್ರ ವಾಹನದ ಹಿಂಬದಿ ಸವಾರರು ಬಾನೆಟ್ಟನ್ನು ಹಿಡಿದುಕೊಂಡು ಹೋಗುವ ದೃಶ್ಯ ಅಪರೂಪವಲ್ಲ; ಗಾಳಿಗೆ ಅದು ಹಾಯಿಯಂತೆ ವರ್ತಿಸಿ ಸವಾರರ ಜೀವಕ್ಕೇ ಅಪಾಯವಾಗುವುದರಿಂದ ಇದನ್ನು ಯಾವ ಕಾರಣಕ್ಕೂ ಮಾಡತಕ್ಕದ್ದಲ್ಲ.

ಪರಿಹಾರಕ್ಕೆ ಅರ್ಜಿ

ಲಾರಿ ಅಥವಾ ಕೊರಿಯರ್ ಮೂಲಕ ಬಂದ ಸರಕಿಗೆ ಹಾನಿಯಾದಲ್ಲಿ, ಬುಕಿಂಗ್ ದಿನಾಂಕದಿಂದ 180 ದಿನಗಳೊಳಗೆ ಸಾಗಣೆದಾರರಿಗೆ ಲಿಖಿತ ನೋಟೀಸು ನೀಡತಕ್ಕದ್ದು. ನೋಟೀಸಿಲ್ಲದೆ ದಾವೆ ಹೂಡಲು ಕಾಯ್ದೆಯ 16ನೇ ಪ್ರಕರಣವು ಅವಕಾಶ ನೀಡುವುದಿಲ್ಲ. ಅವಧಿಯ ಎಣಿಕೆ ಸರಕು ಕೈಸೇರಿದ ದಿನದಿಂದಲ್ಲ, ಬುಕಿಂಗ್ ದಿನದಿಂದ. ನೋಟೀಸನ್ನು ಸ್ವೀಕೃತಿ ದೊರೆಯುವಂತೆ ಅಂಚೆಯಲ್ಲಿ ಕಳುಹಿಸಿ, ಬಿಲ್ಟಿ, ಬಿಲ್ಲು, ಷರಾ ಬರೆದ ಪ್ರತಿ, ಛಾಯಾಚಿತ್ರ ಹಾಗೂ ಗ್ಯಾರೇಜಿನ ದುರಸ್ತಿ ಅಂದಾಜು ಪಟ್ಟಿಯನ್ನು ಲಗತ್ತಿಸತಕ್ಕದ್ದು. ಹಾನಿಯು ಸಾಗಣೆದಾರರ ನಿರ್ಲಕ್ಷ್ಯದಿಂದಲೇ ಆಯಿತೆಂದು ದಾವೆದಾರರು ಸಾಬೀತುಪಡಿಸಬೇಕಾಗಿಲ್ಲ ಎಂಬುದು ಈ ಕಾಯ್ದೆಯ ಅನುಕೂಲಕರ ಅಂಶ.

ರೈಲ್ವೆಗೆ ಸಂಬಂಧಿಸಿದಂತೆ, ಸರಕನ್ನು ಒಪ್ಪಿಸಿದ ದಿನದಿಂದ ಆರು ತಿಂಗಳೊಳಗೆ 106ನೇ ಪ್ರಕರಣದಡಿ ನೋಟೀಸು ನೀಡತಕ್ಕದ್ದು. ಪರಿಹಾರ ದೊರೆಯದಿದ್ದಲ್ಲಿ ರೈಲ್ವೆ ಕ್ಲೇಮುಗಳ ನ್ಯಾಯಮಂಡಳಿಯ ಬೆಂಗಳೂರು ಪೀಠಕ್ಕೆ ಅರ್ಜಿ ಸಲ್ಲಿಸಬಹುದು. ಇದಕ್ಕೆ ಸರಕು ಒಪ್ಪಿಸಿದ ದಿನದಿಂದ ಮೂರು ವರ್ಷಗಳ ಕಾಲಮಿತಿ ಇದೆ.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಬಿಲ್ಟಿಯ ಮೇಲೆ ‘ಬೆಂಗಳೂರು ನ್ಯಾಯಾಲಯದ ವ್ಯಾಪ್ತಿಗೆ ಒಳಪಟ್ಟಿದೆ’ ಎಂದು ಮುದ್ರಿಸಲಾಗಿದೆ. ಬೆಳಗಾವಿಯಲ್ಲಿ ದೂರು ಸಲ್ಲಿಸಬಹುದೆ?
ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 34ನೇ ಪ್ರಕರಣದಂತೆ ದೂರುದಾರರು ವಾಸಿಸುವ ಸ್ಥಳದ ಜಿಲ್ಲಾ ಆಯೋಗದಲ್ಲಿ ದೂರು ಸಲ್ಲಿಸಬಹುದು. ಕಾಲಮಿತಿ ಎರಡು ವರ್ಷ. ಪಾವತಿಸಿದ ಪ್ರತಿಫಲ 5 ಲಕ್ಷ ರೂಪಾಯಿವರೆಗಿದ್ದಲ್ಲಿ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915. ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು ಗ್ರಾಹಕರೆನಿಸುವುದಿಲ್ಲ. ಆದರೆ ಸ್ವಂತ ಜೀವನೋಪಾಯಕ್ಕಾಗಿ ಸ್ವಯಂ ಉದ್ಯೋಗ ನಡೆಸುವವರಿಗೆ ವಿನಾಯಿತಿ ಇದೆ. ಚಿಕ್ಕ ಗ್ಯಾರೇಜು ನಡೆಸುವವರು ಇದನ್ನು ದೂರಿನಲ್ಲಿ ಸ್ಪಷ್ಟವಾಗಿ ನಮೂದಿಸತಕ್ಕದ್ದು.

ಬಾನೆಟ್ ಬದಲಿಸಿದರೆ ಬೆಳಗಾವಿಯ ಪ್ರಾದೇಶಿಕ ಸಾರಿಗೆ ಕಛೇರಿಗೆ ತಿಳಿಸಬೇಕೆ?
ಅದೇ ಮಾದರಿಯ ಭಾಗವನ್ನು ಅದೇ ಬಣ್ಣದಲ್ಲಿ ಹಾಕಿಸಿದಲ್ಲಿ ಅಗತ್ಯವಿಲ್ಲ. ಕಾರಿನ ಬಣ್ಣವನ್ನೇ ಬದಲಿಸುವುದಾದರೆ ನೋಂದಣಿ ಪ್ರಮಾಣಪತ್ರದಲ್ಲಿ ನಮೂದಾಗುವಂತೆ ಅರ್ಜಿ ಸಲ್ಲಿಸತಕ್ಕದ್ದು. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾರ್ಪಾಡು ಮಾಡುವುದನ್ನು ಮೋಟಾರು ವಾಹನಗಳ ಕಾಯ್ದೆಯ 52ನೇ ಪ್ರಕರಣವು ನಿರ್ಬಂಧಿಸುತ್ತದೆ. ಛಾಸಿಸ್ ಸಂಖ್ಯೆ ಕೊರೆದಿರುವ ಭಾಗವನ್ನು ಕಛೇರಿಯ ಅನುಮತಿಯಿಲ್ಲದೆ ಕತ್ತರಿಸಬಾರದು. ಬಂಪರಿನೊಂದಿಗೆ ಕಬ್ಬಿಣದ ಕ್ರ್ಯಾಶ್ ಗಾರ್ಡ್ ತರಿಸುವವರಿದ್ದಾರೆ. ಇದರ ವಿರುದ್ಧ ಕ್ರಮ ಜರುಗಿಸುವಂತೆ ಕೇಂದ್ರ ಸರ್ಕಾರವು 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಸೂಚಿಸಿದೆ.

ಅಪಘಾತದ ವಿಮೆ ಹಣ ಬರಬೇಕಿದೆ. ಬಿಡಿಭಾಗವನ್ನು ಮೊದಲೇ ತರಿಸಬಹುದೆ?
ವಿಮಾ ಸಂಸ್ಥೆಗೆ ತಿಳಿಸಿ, ಸರ್ವೇಯರ್ ಕಾರನ್ನು ಪರಿಶೀಲಿಸುವವರೆಗೆ ಹಳೆಯ ಭಾಗವನ್ನು ಬಿಚ್ಚಬಾರದು, ವಿಲೇವಾರಿ ಮಾಡಲೂಬಾರದು. ಭಾಗವನ್ನು ಬದಲಿಸುವ ಬದಲು ದುರಸ್ತಿ ಮಾಡಿಸಲು ಸರ್ವೇಯರ್ ಸೂಚಿಸಿದಲ್ಲಿ, ಮೊದಲೇ ತರಿಸಿದ ಹೊಸ ಬಾನೆಟ್ಟಿನ ಹಣ ಮಾಲೀಕರ ಕೈಯಿಂದಲೇ ಹೋಗುತ್ತದೆ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳಿಗೆ ಶೇಕಡಾ 50ರಷ್ಟು ಸವಕಳಿ ಕಳೆಯಲಾಗುವುದರಿಂದ ಬಂಪರಿನ ಬೆಲೆಯ ಅರ್ಧದಷ್ಟನ್ನು ಮಾಲೀಕರೇ ಭರಿಸಬೇಕಾಗುತ್ತದೆ. ಸವಕಳಿ ರಹಿತ ಹೆಚ್ಚುವರಿ ರಕ್ಷಣೆ ಪಡೆದವರು ತಮ್ಮ ಪಾಲಿಸಿಯ ಷರತ್ತುಗಳನ್ನು ನೋಡತಕ್ಕದ್ದು.